ಮಾವನ ಇಂಗ್ಲಿಷ್

ನನ್ನ ಮಾವನಿಗೆ ಬರುತ್ತಿದ್ದ ಇಂಗ್ಲಿಷ್ ಎಲ್ಲ ಮನುಷ್ಯನ ಮೈಮೇಲೆಯೇ ಇತ್ತು. ಮುಖಕ್ಕೆ ಮಗ್, ಮೂಗಿಗೆ ಕಾಂಕ್, ಹಲ್ಲಿಗೆ ಐವರಿ, ಕಣ್ಣಿಗೆ ಪೀಪರ್, ಹೊಟ್ಟೆಗೆ ಬ್ರೆಡ್‌ಬಾಸ್ಕೆಟ್. ಹಡಗಿನಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ಅವರ ಗುರು ಪರದೇಶದ ಬಂದರುಗಳಲ್ಲಿ ಗುದ್ದಾಡಿ, ಎರಡು ಹಲ್ಲು ಕೊಟ್ಟು ಈ ಮಾತುಗಳನ್ನು ತಂದಿದ್ದನಂತೆ. ಟೈರ್ ಅಂಗಡಿಯ ಹಿಂದಿನ ಶೆಡ್ಡಿಗೆ ಬಾಕ್ಸಿಂಗ್ ಕಲಿಯಲು ಬಂದವರಿಗೆಲ್ಲ ಮಾವ ಮೊದಲು ಅವುಗಳ ಚರಿತ್ರೆ ಹೇಳಿ, ಆಮೇಲೆಯೇ ಕೈಗೆ ಪಟ್ಟಿ ಸುತ್ತುತ್ತಿದ್ದರು.

“ಹಿಂದೆ ಅವರ ಹೆಂಡದಂಗಡೀಲಿ ಮನುಷ್ಯನ ಮುಖದ ಥರದ ಮಗ್ಗು ಇರ್ತಿದ್ವು ಕಣ್ರೋ. ಸೊಟ್ಟ ಮೂತಿ, ಊದಿದ ಕೆನ್ನೆ. ಅದಕ್ಕೇ ಮುಖ ಅಂದ್ರೆ ಮಗ್. ಶಂಖಕ್ಕೆ ಅವರು ಕಾಂಕ್ ಅಂತಾರೆ, ಅದರ ಹಾಗಿರೋ ಮೂಗೂ ಕಾಂಕ್. ತಿಂದ ರೊಟ್ಟಿ ಹೋಗಿ ಬೀಳೋ ಬುಟ್ಟಿ ಹೊಟ್ಟೆ. ಪಂಡಿತರು ಕೂತು ಮಾಡಿದ ಮಾತಲ್ಲ ಇವು. ಗುದ್ದಿದವರು, ಗುದ್ದಿಸ್ಕೊಂಡವರು ಮಾಡಿದ್ದು.”

ಪಂದ್ಯದಲ್ಲಿ ಎಲ್ಲಿಗೆ ಹೊಡೆಯಬೇಕೆಂದು ಮಾವ ರಿಂಗಿನ ಮೂಲೆಯಿಂದ ಆ ಮಾತುಗಳಲ್ಲೇ ಕೂಗುತ್ತಿದ್ದರು. ಎದುರಾಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಎದುರಾಳಿಯಾಗಿ ಬಂದವನು ಗುಜ್ಜ. ಆರು ವರ್ಷ ಮಾವನ ಮನೆಯಲ್ಲೇ ಉಂಡು, ಅದೇ ಶೆಡ್ಡಿನಲ್ಲಿ ಕಲಿತು, ಜಗಳವಾಡಿಕೊಂಡು ಬೇರೆ ಕಡೆ ಸೇರಿದವನು. ನಮ್ಮವನು ನನ್ನ ಭಾಮೈದ, ಮಾವನ ಒಬ್ಬನೇ ಮಗ. ಎರಡು ತಿಂಗಳ ಹಿಂದೆ ಅವನ ಎಡಗಣ್ಣಿಗೆ ಪೆಟ್ಟಾಗಿತ್ತು. ಇನ್ನೊಂದು ಬಲವಾದ ಏಟು ಬಿದ್ದರೆ ಕಣ್ಣು ಹೋದೀತು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಮಾವ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ನಾನು ದರ್ಜಿ. ರಕ್ತ ನಿಲ್ಲಿಸುವ ಕೆಲಸ ಮದುವೆಯ ಜೊತೆಗೆ ಬಂದದ್ದು.

“ಗುಜ್ಜಂಗೂ ಆ ಮಾತೆಲ್ಲ ಗೊತ್ತಲ್ಲ ಮಾವ. ಇವತ್ತೊಂದಿನ ಬೇರೆ ಏನಾದ್ರೂ ಕೂಗಿ,” ಅಂದೆ.

“ಆ ದ್ರೋಹಿಗೋಸ್ಕರ ಗುರು ಕೊಟ್ಟ ಮಾತು ಬಿಡ್ಬೇಕಾ? ಅಳಿಯಂದ್ರೇ, ನೀವು ಹತ್ತಿ ನೋಡ್ಕೊಳ್ಳಿ.”

ಮಾವ “ಕಾಂಕ್” ಎಂದು ಕೂಗುವಷ್ಟರಲ್ಲಿ ಗುಜ್ಜನ ಕೈಗಳು ಮೂಗಿನ ಮುಂದಿರುತ್ತಿದ್ದವು. ಭಾಮೈದನ ಏಟು ಅಲ್ಲೇ ಸತ್ತು, ಗುಜ್ಜನದು ಪಕ್ಕೆಗೆ ಬೀಳುತ್ತಿತ್ತು. ಒದ್ದೆ ಮೂಟೆಯನ್ನು ನೆಲಕ್ಕೆ ಎತ್ತಿಹಾಕಿದಂಥ ಸದ್ದು. ಎರಡನೇ ಸುತ್ತಿನಲ್ಲಿ ತುಟಿ ಒಡೆಯಿತು. ಮೂರನೆಯದರಲ್ಲಿ ಎಡ ಹುಬ್ಬು ಬಾಯಿಬಿಟ್ಟಿತು.

ಸ್ಟೂಲಿನ ಮೇಲೆ ಕುಸಿದವನ ಹುಬ್ಬಿಗೆ ಹತ್ತಿ ಒತ್ತಿ ಹಿಡಿದೆ. ಅದು ತೊಯ್ದು, ರಕ್ತ ನನ್ನ ಮೊಣಕೈವರೆಗೂ ಇಳಿಯಿತು.

“ಸಾಕು ಮಾವ, ನಿಲ್ಸೋಣ.”

“ಹುಬ್ಬು ತಾನೇ? ಇನ್ನೊಂದಿದೆ.”

“ಬಿಡಿ ಭಾವ,” ಭಾಮೈದ ಬಕೆಟ್ಟಿಗೆ ಉಗಿದ. “ಅಪ್ಪ ಕೂಗೋದು ನನಗಿಂತ ಮೊದ್ಲು ಅವನಿಗೇ ಕೇಳ್ಸುತ್ತೆ.”

ಟವೆಲ್ ಮಾವನ ಕೊರಳಲ್ಲಿತ್ತು. ಅದನ್ನು ರಿಂಗಿನೊಳಗೆ ಎಸೆದರೆ ಪಂದ್ಯ ಮುಗಿಯುತ್ತಿತ್ತು. ಅವರು ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

ನಾಲ್ಕನೇ ಸುತ್ತು ಶುರುವಾದ ಸ್ವಲ್ಪ ಹೊತ್ತಿಗೆ ಹುಬ್ಬಿನ ಮೇಲೆ ಇನ್ನೊಂದು ಬಿತ್ತು. ಭಾಮೈದ ಎರಡೂ ಕೈಗಳಿಂದ ಎಡಗಣ್ಣು ಮುಚ್ಚಿಕೊಂಡು ನಮ್ಮ ಮೂಲೆಯ ಹಗ್ಗಕ್ಕೆ ಬೆನ್ನು ಕೊಟ್ಟ. “ಮಗ್, ಮಗ್,” ಎಂದು ಮಾವ ಕೂಗುತ್ತಲೇ ಇದ್ದರು. ಗುಜ್ಜ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದ. ಭಾಮೈದನ ಹೆಗಲಾಚೆ ಮಾವನನ್ನು ನೋಡಿದ.

“ಮೇಷ್ಟ್ರೇ, ಪೀಪರ್ ಹೋಗುತ್ತೆ. ಟವೆಲ್ ಹಾಕಿ.”

“ನಿನ್ ಕೆಲ್ಸ ನೀನ್ ಮಾಡೋ.”

ನಾನು ಟವೆಲ್ಲಿಗೆ ಕೈ ಹಾಕಿದೆ. ಮಾವ ನನ್ನ ಎದೆಗೆ ಮೊಣಕೈಯಿಂದ ತಿವಿದರು. ಮಾತು ಬೇಡ, ಆಡಿ ಎಂದು ರೆಫರಿ ಗದರಿದ.

“ಸರಿ, ಬ್ರೆಡ್‌ಬಾಸ್ಕೆಟ್,” ಎಂದ ಗುಜ್ಜ, ಎಲ್ಲರಿಗೂ ಕೇಳುವ ಹಾಗೆ. ಬಗ್ಗಿ ಹೊಟ್ಟೆಗೆ ಗುದ್ದಿದ. ಭಾಮೈದ ಕಣ್ಣಿನಿಂದ ಕೈ ತೆಗೆಯಲಿಲ್ಲ. ಮತ್ತೊಂದು ಗುದ್ದಿದ. ಮೂರನೆಯದಕ್ಕೆ ಭಾಮೈದನ ಕಾಲುಗಳು ನೆಲ ಬಿಟ್ಟವು, ಮಂಡಿಯೂರಿ ಬಿದ್ದ. ರೆಫರಿ ಹತ್ತು ಎಣಿಸುವವರೆಗೂ ಉಸಿರು ಸಿಗದೆ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ವಾಂತಿ ಮಾಡಿದ. ಮಾವ ಬಾಗಿಲಲ್ಲಿ ನಿಂತು, “ಮುಖಕ್ಕೆ ಹೊಡೆದು ಗೆಲ್ಲೋ ಯೋಗ್ಯತೆ ಇಲ್ಲ. ಹೊಟ್ಟೆಗೆ ಹೊಡೆದ, ಹೇಡಿ,” ಎನ್ನುತ್ತಿದ್ದರು.

ನಾನು ಹೆಪ್ಪುಗಟ್ಟಿದ ರಕ್ತ ಒರೆಸಿ, ಬಲಗಣ್ಣು ಮುಚ್ಚಿಕೊಳ್ಳಲು ಹೇಳಿ, ಊದಿದ ಎಡ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದೆ. ಎರಡು ಬೆರಳು ತೋರಿಸಿದೆ.

“ಎಷ್ಟು?”

ಅವನು ಸುಮಾರು ಹೊತ್ತು ನೋಡಿದ.

“ಎರಡು. ಹಿಂದೆ ಅಪ್ಪನೂ ಕಾಣ್ತಿದ್ದಾನೆ. ಸ್ವಲ್ಪ ಆಚೆ ಕಳ್ಸಿ ಭಾವ.”