ಹಸಿರು ಪೊಟ್ಟಣ

ಗಾಳಿ ನಿಂತಿತು ಎಂದುಕೊಂಡ ಚಿನ್‌ಶುಯ್, ಗಾಳಿಯಲ್ಲ, ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಫ್ಯಾನು, ಪರದೆ ಮತ್ತೆ ಕಪ್ಪು — ಹತ್ತು ನಿಮಿಷ ನಲವತ್ತು ಸೆಕೆಂಡು, ಹೋದ ಸಲ ಹನ್ನೊಂದು, ಅದರ ಹಿಂದಿನ ಸಲ ಒಂಬತ್ತೂವರೆ, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ, ಬರೆಯುವ ಕೈ ಇನ್ಯಾರದ್ದೋ ಅನ್ನಿಸುತ್ತದೆ, ಅನ್ನಿಸಲಿ ಬಿಡು, ಒತ್ತು ಗುಂಡಿ, ಮತ್ತೆ ಹತ್ತಿಕೊಂಡಿತು, ಎಷ್ಟು ಸಲ ಸತ್ತರೂ ಒತ್ತಿದರೆ ಏಳುತ್ತದಲ್ಲ ಇದು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿ ಕಾಯಿ, ಮದರ್‌ಬೋರ್ಡ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಹೊಸಬರಿಗೆಲ್ಲ ಇದನ್ನೇ ಹೇಳಿಕೊಟ್ಟವನು, ಈಗ ತನಗೆ ತಾನೇ ಹೇಳಿಕೊಳ್ಳುತ್ತಾನೆ — ಮೆಮೊರಿ ಪಟ್ಟಿ ಎರಡರಲ್ಲಿ ಒಂದನ್ನು ಕಿತ್ತು ನೋಡಿದ್ದಾಯಿತು, ಇನ್ನೊಂದನ್ನು ಕಿತ್ತು ನೋಡಿದ್ದಾಯಿತು, ಪ್ರೊಸೆಸರ್ ಮೇಲೆ ಒಣಗಿದ್ದ ಪೇಸ್ಟ್ ಕೆರೆದು ಹೊಸದು ಬಳಿದದ್ದಾಯಿತು, ಜೊತೆಗೆ ಕೆಲಸ ಮಾಡಿದ್ದ ಆಕುನ್ ತನ್ನ ಮನೆಯ ಕಂಪ್ಯೂಟರಿನ ಪವರ್ ಸಪ್ಲೈಯನ್ನೇ ಬಿಚ್ಚಿ ಸ್ಕೂಟರಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ತಂದುಕೊಟ್ಟ, ಅದನ್ನೂ ಹಾಕಿದ್ದಾಯಿತು, ಹತ್ತು ನಿಮಿಷಕ್ಕೆ ಮತ್ತೆ ಕಪ್ಪು. ಈ ಪೆಟ್ಟಿಗೆ ಅವನದೇ ಕೈಯಿಂದ ಆದದ್ದು, ಗ್ವಾಂಗ್‌ಹ್ವಾ ಮಾರ್ಕೆಟ್ಟಿನಲ್ಲಿ ಒಂದೊಂದೇ ಭಾಗ ಆರಿಸಿ ತಂದು ಹೆಂಡತಿ ಮಿಂಗ್‌ಚುಗೆಂದು ಕಟ್ಟಿದ್ದು, ಅವಳಿಗೆ ಮಧ್ಯಾಹ್ನ ಊಟವಾದ ಮೇಲೆ ಪರದೆಯ ಮೇಲೆ ಮಾಜಾಂಗ್ ಆಡಬೇಕು, ಇನ್ನೊಂದೇ ಒಂದು ಬಿಲ್ಲೆ ಬಂದರೆ ಗೆದ್ದೆ ಅನ್ನುವಾಗ ಫಕ್ಕನೆ ಕಪ್ಪು — ನೋಡ್ರೀ, ಗೆಲ್ಲೋ ಹೊತ್ತಿಗೇ ಸಾಯುತ್ತೆ ನಿಮ್ಮ ಈ ಮುಂಡೇದು, ಊರೋರ ಬೋರ್ಡೆಲ್ಲ ರಿಪೇರಿ ಮಾಡಿದ್ರಿ, ಮನೇದಕ್ಕೆ ಮಾತ್ರ ಪುರುಸೊತ್ತಿಲ್ಲ ಅಲ್ವಾ. ನಾಳೆ ನೋಡ್ತೀನಿ ಕಣೆ. ಮೂರು ವಾರ ನಾಳೆ ನಾಳೆ ಎಂದ. ಪೆಟ್ಟಿಗೆಯ ನೆತ್ತಿಯ ಮೇಲೆ ಕುರುಕಲಿನ ಹಳದಿ ಪೊಟ್ಟಣ ಕೂತಿದೆ, ಅವಳೇ ತಂದಿಟ್ಟದ್ದು, ಮೊನ್ನೆ ಅದನ್ನು ಕಂಡು ಆಕುನ್ ಬಿದ್ದು ಬಿದ್ದು ನಕ್ಕ, ನಗಬಾರದ ಮನೆ ಇದು ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡ, ಮತ್ತೆ ತಡೆಯಲಾರದೆ — ಅಲ್ಲವೋ ಮಾರಾಯ, ಹಳದಿ ಇಟ್ಟಿದ್ದೀಯಲ್ಲೋ, ಕೆಡದೆ ಇನ್ನೇನು ಮಾಡುತ್ತೆ ಅದು. ಹಸಿರೇ ಇಡಬೇಕು, ಹಸಿರು ದೀಪ ಅಂದರೆ ನಡಿ, ಹಳದಿ ಅಂದರೆ ನಿಲ್ಲಲೋ ಬೇಡವೋ, ತೈಪೆಯ ಯಾವ ಕಾರ್ಖಾನೆಗೆ ಹೋದರೂ ಯಂತ್ರದ ಮೇಲೆ ಆ ಜೋಳದ ಕುರುಕಲಿನ ಹಸಿರು ಪೊಟ್ಟಣ ಇರುತ್ತದೆ, ಅದರ ಹೆಸರೇ ಮಕ್ಕಳಿಗೆ ಹೇಳುವ ಮಾತು, ಗುವಾಯ್ ಗುವಾಯ್, ಜಾಣಮರಿ, ಹಟ ಮಾಡಬೇಡ. ಮಿಂಗ್‌ಚುಗೆ ಇದೆಲ್ಲ ಗೊತ್ತಿತ್ತು — ಹಸಿರುದ್ರಲ್ಲಿ ತೆಂಗಿನಹಾಲಿನ ಸಿಹಿ ರೀ, ನಂಗೆ ಸೇರಲ್ಲ, ಇದಾದ್ರೆ ಖಾರವಾಗಿರುತ್ತೆ, ತಾರೀಖು ಮುಗಿಯೋಕೆ ಮುಂಚೆ ನಾನೇ ತಿಂದ್ಕೋತೀನಿ. ತಾರೀಖು ಮುಗಿಯಲು ಇನ್ನೂ ಎರಡು ತಿಂಗಳಿದೆ.

ಅಪ್ಪಾ, ಎರಡೂವರೆ ಆಯ್ತು, ಎಂದಳು ಮಗಳು ಪೇಯ್‌ಜು ಅಡಿಗೆಮನೆಯಿಂದ, ಗಂಜಿ ಬಿಸಿ ಮಾಡುತ್ತಿದ್ದಾಳೆ, ಬೆಳಿಗ್ಗೆಯಿಂದ ಮೂರನೆಯ ಸಲ, ನಾಲ್ಕಕ್ಕೆ ಆಸ್ಪತ್ರೇಲಿ ಡಾಕ್ಟರು ಕಾಯ್ತಾರೆ ಅಪ್ಪಾ. ಗೊತ್ತು. ನಾನು ಸಹಿ ಮಾಡೋ ಹಾಗಿದ್ರೆ ಮಾಡಿಬಿಡ್ತಿದ್ದೆ, ನಿಮಗೆ ಬಿಡ್ತಿರಲಿಲ್ಲ, ಮೊದಲು ಗಂಡನೇ ಅಂತೆ. ಗೊತ್ತಮ್ಮ. ಸಿಟ್ಟಿಲ್ಲ, ಅಳುವಿಲ್ಲ, ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ ಹಾಗಿದೆ ಒಳಗೆಲ್ಲ, ಮೂವತ್ತೇಳು ದಿನದಿಂದ ಹೀಗೇ ಇದೆ. ಮೂವತ್ತೇಳು ದಿನದ ಹಿಂದೆ ಪಾತ್ರೆ ತೊಳೆಯುತ್ತ ತಲೆ ಯಾಕೋ ಸಿಡೀತಿದೆ ರೀ ಅಂದಳು, ಅಷ್ಟೇ ಅಂದದ್ದು, ಪಾತ್ರೆ ಬಿದ್ದ ಸದ್ದಿಗೆ ಅವನು ಏನೇ ಅದು ಎಂದು ಕೂತಲ್ಲಿಂದಲೇ ಕೂಗಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಕನ್ನಡಕದ ಡಾಕ್ಟರು, ಮಗಳಿಗಿಂತ ಚಿಕ್ಕವನು, ಮೆತ್ತಗೆ ಹೇಳಿದ, ಅವರು ಏಳಲ್ಲ ಸರ್, ಉಸಿರಾಡ್ತಿರೋದು ಯಂತ್ರ, ಅವರಲ್ಲ, ಅದನ್ನ ನಿಲ್ಲಿಸೋಕೆ ನಿಮ್ಮ ಸಹಿ ಬೇಕು. ಬೇರೆ ಏನಾದರೂ ಬದಲಿಸಿ ನೋಡಿ ಎಂದ ಚಿನ್‌ಶುಯ್, ಕಾರ್ಖಾನೆಯ ಮಾತು ಬಾಯಿಗೆ ಬಂದುಬಿಟ್ಟಿತು, ಡಾಕ್ಟರಿಗೆ ಅರ್ಥವಾಗಲಿಲ್ಲ. ಆ ಉಸಿರಿನ ಯಂತ್ರದ ಮೇಲೂ ಹಸಿರು ಪೊಟ್ಟಣ, ಜಾರದಂತೆ ಗಾಯಕ್ಕೆ ಹಚ್ಚುವ ಬಿಳಿ ಟೇಪಿನಲ್ಲಿ ಅಂಟಿಸಿದ್ದಾರೆ, ದಿನಾ ಅರ್ಧ ಗಂಟೆ ಬಿಡುತ್ತಾರೆ ಒಳಗೆ, ಅರ್ಧ ಗಂಟೆಯೂ ಅವನು ನೋಡುವುದು ಅದನ್ನೇ, ಅವಳ ಮುಖವನ್ನು ನೋಡಲಾರ. ಗಂಟಲಿನ ಕಫ ಎಳೆಯುವಾಗ ನರ್ಸು ಹುಡುಗಿ ಅವಳ ಕೆನ್ನೆ ಸವರಿ ಗುವಾಯ್ ಗುವಾಯ್, ಆಯ್ತು, ಆಯ್ತು ಎನ್ನುತ್ತಾಳೆ. ಯಂತ್ರಕ್ಕೂ ಅದೇ ಮಾತು, ಇವಳಿಗೂ ಅದೇ ಮಾತು. ಮಿಂಗ್‌ಚು ಹುಟ್ಟಿದಾರಭ್ಯ ಯಾರ ಮಾತು ಕೇಳಿದವಳು, ಮೀನಿನವನ ತಕ್ಕಡಿ ಸರಿಯಿಲ್ಲವೆಂದು ಇಡೀ ಬೀದಿ ಸೇರಿಸಿದವಳು, ಅತ್ತೆ ಸುಮ್ಮನಿರು ಅಂದರೆ ಇನ್ನೆರಡು ಹೆಚ್ಚಿಗೆ ಆಡಿದವಳು, ಈಗ ಮೂವತ್ತೇಳು ದಿನದಿಂದ ಎಷ್ಟು ಜಾಣೆ, ಎದೆ ಏರು ಅಂದರೆ ಏರುತ್ತದೆ, ಇಳಿ ಅಂದರೆ ಇಳಿಯುತ್ತದೆ.

ಪರದೆ ಕಪ್ಪು. ಎಷ್ಟು ನಿಮಿಷ, ನೋಡಲಿಲ್ಲ, ಚೀಟಿಯಲ್ಲಿ ಬರೆಯಲಿಲ್ಲ, ಬೆರಳು ಗುಂಡಿಯ ತನಕ ಹೋಯಿತು, ಅಲ್ಲೇ ನಿಂತಿತು — ದುಡಿದದ್ದು ಸಾಕಲ್ಲವೇನೋ ಅದು, ಎಂದಿದ್ದ ಆಕುನ್, ಯಾವಾಗ, ಕಾರ್ಖಾನೆಯ ಮೂರನೆಯ ಲೈನು ಮುಚ್ಚಿದ ದಿನ, ಸಾಹೇಬರೇ ಬಂದು ಯಂತ್ರ ನಿಲ್ಲಿಸುವ ಗುಂಡಿ ಒತ್ತಲು ಕೈ ಚಾಚಿದಾಗ ಇವನು ಅಡ್ಡ ನಿಂತ, ತಡೀರಿ ಸರ್, ಮೊದಲು ಪೊಟ್ಟಣ ತೆಗೀಬೇಕು, ನಿಲ್ಲಬೇಡ ಅಂತ ಅದಕ್ಕೆ ಹೇಳಿ ಇಟ್ಟಿದ್ದೀವಿ, ಹೇಳಿದ್ದನ್ನ ವಾಪಸ್ ತಗೊಳ್ಳದೆ ನಿಲ್ಲಿಸಿದ್ರೆ ಅದು ಮೋಸ. ಎಲ್ಲರೂ ನಕ್ಕರು, ಆದರೆ ಸಾಹೇಬರು ಕೈ ಹಿಂದಕ್ಕೆಳೆದುಕೊಂಡರು, ಯಾಕೆಂದರೆ ಅವರ ಮೇಜಿನ ಮೇಲೂ ಒಂದು ಇತ್ತು. ಫೋನು ಅವನ ಕೈಯಲ್ಲೇ ಇದೆ, ಯಾವಾಗ ಎತ್ತಿಕೊಂಡೆ, ಆ ಕಡೆ ನರ್ಸು ಹುಡುಗಿ, ದೊಡ್ಡಪ್ಪ, ಹೊರಟ್ರಾ, ಹುಷಾರಾಗಿ ಬನ್ನಿ. ಹೊರಡ್ತೀನಮ್ಮ, ಬಂದು ಸಹಿ ಹಾಕ್ತೀನಿ, ಅದಕ್ಕೆ ಮುಂಚೆ ಒಂದು ಕೆಲಸ ಆಗಬೇಕು, ಅವಳ ಯಂತ್ರದ ಮೇಲಿರೋ ಪೊಟ್ಟಣ ತೆಗೆದುಬಿಡು. ಅದನ್ನು ನಾನೇ ಇಟ್ಟಿದ್ದು ದೊಡ್ಡಪ್ಪ, ಎಂದಳು ಹುಡುಗಿ, ಅವರು ಬಂದ ಮೊದಲ ದಿನ. ಗೊತ್ತಮ್ಮ, ಒಳ್ಳೇದೇ ಮಾಡಿದೆ, ಈಗ ತೆಗಿ, ಜಾಣೆಯಾಗಿದ್ದದ್ದು ಸಾಕು ಅವಳು. ಪೇಯ್‌ಜು ಬಾಗಿಲಲ್ಲಿ ನಿಂತು ಗಂಜಿಯ ಬಟ್ಟಲು ಹಿಡಿದು ಅಳುತ್ತಿದ್ದಾಳೆ, ಅವನಿಗೆ ಅಳು ಬರುತ್ತಿಲ್ಲ, ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಾನೆ, ಹೆಜ್ಜೆ ಸದ್ದು, ಉಸಿರು ಏರುವ ಸದ್ದು, ಇಳಿಯುವ ಸದ್ದು, ಆಮೇಲೆ ಚರ್ರನೆ ಟೇಪು, ಒಂದು ಮೂಲೆ ಬಿಟ್ಟಿತು, ಹಸಿರು ಪೊಟ್ಟಣ, ಬಿಳಿ ಟೇಪು, ಇನ್ನೊಂದು ಮೂಲೆ, ಹಸಿರು, ಇನ್ನೊಂದು ಮೂಲೆ