ಯಾರ ಆಳೂ ಅಲ್ಲ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಸಾರಥಿ ಎಂಬ ಹಳ್ಳಿಯ ಹಾಲೇಶಪ್ಪನವರ ಮನೆತನ ಹಾಗಿತ್ತು. ಒಂದು ಕಾಲಕ್ಕೆ ಅವರ ಗದ್ದೆಯಲ್ಲಿ ಆಳುಗಳ ಸಾಲೇ ಇರುತ್ತಿತ್ತು. ಈಗ ಗದ್ದೆಯೂ ಇಲ್ಲ, ಆಳೂ ಇಲ್ಲ. ಉಳಿದದ್ದು ಜಂಬ ಒಂದೇ. ಅದು ಪೂರ್ತಿ ಮಗ ವೀರೇಶನ ಪಾಲಿಗೆ ಬಂದಿತ್ತು.

ವೀರೇಶ್ ದಾವಣಗೆರೆಯಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಡೆಲಿವರಿ ಹುಡುಗ. ಹುಡುಗ ಅಂದರೆ ಹೆಸರಿಗಷ್ಟೇ, ಮೂವತ್ತು ದಾಟಿತ್ತು. ಅಪ್ಪನಿಗೆ ಮಾತ್ರ ಸ್ವಂತ ವ್ಯವಹಾರ ಎಂದು ಹೇಳಿದ್ದ. ದಿನಾ, ಅಪ್ಪನೊಂದಿಗೆ ಈಗ ಇರುವ ಹರಿಹರದ ಮನೆಗೆ ಮರಳುವ ಮುಂಚೆ ಕಂಪನಿಯ ಟೀ ಶರ್ಟು, ಬ್ಯಾಗು ಎರಡನ್ನೂ ಜೊತೆಗಾರ ಹಿದಾಯತ್‌ನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದ. ಹಿದಾಯತ್ ಒಂದು ದಿನವೂ ಅದನ್ನು ಆಡಿಕೊಂಡು ನಕ್ಕವನಲ್ಲ.

ಆ ಹಿದಾಯತ್ ಊಟ ಒಯ್ಯುವಾಗ ಲಾರಿಗೆ ಸಿಕ್ಕು ಒಂದು ಕಾಲು ಕಳೆದುಕೊಂಡ. ಕಂಪನಿ ಕೈ ತೊಳೆದುಕೊಂಡಿತು. ಅವನು ನಮ್ಮ ಕೆಲಸಗಾರನೇ ಅಲ್ಲ, ಬೇಕೆಂದಾಗ ದುಡಿಯುವ ಸ್ವತಂತ್ರ ಮನುಷ್ಯ ಎಂದಿತು. ಎಂಥ ಸ್ವಾತಂತ್ರ್ಯವೋ ದೇವರೇ ಬಲ್ಲ! ಪರಿಹಾರದ ಕೇಸು ಕೋರ್ಟು ಹತ್ತಿತು. ಕಂಪನಿ ಹೇಗೆ ದುಡಿಸುತ್ತದೆ ಎಂದು ಒಬ್ಬನಾದರೂ ಸಾಕ್ಷಿ ಹೇಳಬೇಕಿತ್ತು. ಕಂಪನಿ ಐಡಿ ಬ್ಲಾಕ್ ಮಾಡಿ ಕೆಲಸ ಕಿತ್ತುಕೊಂಡೀತೆಂದು ಎಲ್ಲರೂ ಜಾರಿಕೊಂಡರು. ವೀರೇಶ್ ಒಬ್ಬನೇ ಹೂಂ ಅಂದ. ಧೈರ್ಯಕ್ಕೇನೂ ಅವನಲ್ಲಿ ಕೊರತೆಯಿರಲಿಲ್ಲ, ಸುಳ್ಳೇಕೆ ಹೇಳಲಿ.

ಹಿದಾಯತ್‌ನ ವಕೀಲರಾದ ಅಂಬಿಕಾ ವೀರೇಶನಿಗೆ ಬಿಡಿಸಿ ಹೇಳಿದ್ದರು. ಆರ್ಡರ್ ಒಲ್ಲೆ ಅಂದರೆ ಶಿಕ್ಷೆ ಇದೆ, ಎಲ್ಲಿ ನಿಂತರೂ ಫೋನಿನಲ್ಲೇ ಕಣ್ಣಿಟ್ಟಿರುತ್ತಾರೆ, ಹೇಳದೆ ಕೇಳದೆ ತೆಗೆದುಹಾಕುತ್ತಾರೆ. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಸಾಕು, ಹಿದಾಯತ್ ಕೆಲಸಗಾರ ಎಂದು ಸಾಬೀತಾಗುತ್ತದೆ ಎಂದಿದ್ದರು.

ಸಾಕ್ಷಿಯ ದಿನ ಹಾಲೇಶಪ್ಪ ಬೆಳಿಗ್ಗೆಯೇ ಇಸ್ತ್ರಿ ಪಂಚೆ ಉಟ್ಟು ಕೂತಿದ್ದರು. ಕೋರ್ಟು ಕರೆಸುತ್ತದೆಂದರೆ ಮಗ ದೊಡ್ಡ ಮನುಷ್ಯನೇ ಆಗಿರಬೇಕೆಂದು ಅವರ ಎಣಿಕೆ. ವೀರೇಶ್ ಎಷ್ಟು ಬೇಡವೆಂದರೂ ಬೈಕಿನ ಹಿಂದೆ ಹತ್ತಿಯೇಬಿಟ್ಟರು.

ಕಂಪನಿಯ ವಕೀಲ ಮಹಾ ಘಾಟಿ. ಸಾಕ್ಷಿಯ ಕಣ್ಣು ಪದೇ ಪದೇ ಹಿಂದಿನ ಬೆಂಚಿನ ಮುದುಕರ ಕಡೆ ಹೊರಳುವುದನ್ನು ಕಂಡುಕೊಂಡ. ಮೊದಲು ಮನೆತನ ಯಾವುದೆಂದು ನಯವಾಗಿ ಕೇಳಿದ. ವೀರೇಶ್ ಉಬ್ಬಿ ಹೇಳಿದ. ಆಮೇಲೆ ವಕೀಲ ಬಾಣ ಬಿಟ್ಟ.

"ಆಳು ಇಟ್ಟು ದುಡಿಸಿದ ಮನೆತನದವರು ನೀವು. ಈಗ ನೀವೂ ಹಿದಾಯತ್ತೂ ಇನ್ನೊಬ್ಬರ ಆಳಾಗಿ ದುಡೀತಿದ್ರೇನ್ರಿ?"

ವೀರೇಶ್ ಹಿಂದೆ ನೋಡಿದ. ಅಪ್ಪ ಕುತ್ತಿಗೆ ಚಾಚಿ ಕೇಳುತ್ತಿದ್ದರು.

"ನಾವು ಯಾರ ಆಳೂ ಅಲ್ರಿ. ನಮಗೆ ಹುಕುಂ ಮಾಡೋರು ಯಾರೂ ಇಲ್ಲ. ಮನಸ್ಸು ಬಂದ್ರೆ ಹೋಗ್ತೀವಿ, ಇಲ್ಲಾಂದ್ರೆ ಇಲ್ಲ."

ಅಂಬಿಕಾ ಎದ್ದು ಸರಿಪಡಿಸಲು ನೋಡಿದರು. ಅವನು ಅಪ್ಪನ ಮುಖ ನೋಡಿ ಮತ್ತೆ ಅದನ್ನೇ ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೋರ್ಟಿನವರು ಎಲ್ಲವನ್ನೂ ಬರೆದುಕೊಂಡರು.

ಹೊರಗೆ ಬಂದಮೇಲೆ ಅಂಬಿಕಾ, ಇನ್ನು ಕೇಸು ನಿಲ್ಲುವುದು ಕಷ್ಟ ಎಂದು ಹೇಳಿ ಹೋದರು. ಹಿದಾಯತ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕಂಕುಳ ಕೋಲು ಸರಿಮಾಡಿಕೊಳ್ಳುತ್ತಾ, "ನಿನ್ನ ಟೀ ಶರ್ಟು, ಬ್ಯಾಗು ಮನ್ಯಾಗೇ ಅದಾವಣ್ಣ. ಯಾರನ್ನಾದ್ರೂ ಕಳಿಸಿ ತರಿಸ್ಕೊ. ನೀ ಬರಬ್ಯಾಡ," ಅಂದು ಗೇಟಿನ ಕಡೆ ನಡೆದ.

ಯಾವ ಬ್ಯಾಗು ಎಂದು ಹಾಲೇಶಪ್ಪ ಕೇಳಿದರು. ಇನ್ನು ಮುಚ್ಚಿಟ್ಟು ಏನು ಬಂತು? ನಾಚಿಕೆಯಿಂದ ಕುಗ್ಗಿಹೋಗಿದ್ದ ವೀರೇಶ್ ಎಲ್ಲ ಹೇಳಿದ. ಮುದುಕರು ಗೇಟು ದಾಟುತ್ತಿದ್ದ ಹಿದಾಯತ್‌ನ ಕಡೆ ತಿರುಗಿದರು.

"ನಮ್ಮ ಆಳು ಕೆಂಚಣ್ಣನ ಕೈ ಗಾಣಕ್ಕೆ ಸಿಕ್ಕಿತ್ತಲ್ಲ, ಅವ ಸಾಯೋತನಕ ನಮ್ಮಪ್ಪ ಅವರ ಮನಿಗೆ ಭತ್ತ ಕಳಿಸಿದ್ರು. ಯಾಕ? ನಮ್ಮ ಆಳು ಅಂತ. ಆ ಹುಡುಗನ್ನ ಯಾರ ಆಳೂ ಅಲ್ಲ ಅಂದುಬಿಟ್ಟಲ್ಲಪ್ಪಾ. ಈಗ ಅವನ್ನ ಯಾರು ಕೇಳ್ಬೇಕು?"

ಆಗಲೇ ವೀರೇಶನ ಜೇಬಿನಲ್ಲಿ ಫೋನು ಕೂಗಿತು. ಅಪ್ಪನ ಮಾತಿಗೆ ಉತ್ತರ ಕೊಡುವ ಮುಂಚೆಯೇ ಅವನ ಬೆರಳು ಆರ್ಡರನ್ನು ಒಪ್ಪಿಕೊಂಡಿತ್ತು.

ಹಾಲೇಶಪ್ಪ ಅದನ್ನು ನೋಡಿದರು. ಪಂಚೆಯ ಅಂಚನ್ನು ಎತ್ತಿ ಹಿಡಿದು, "ಹೋಗು, ಕರೀತಾರೆ. ನಾನು ಬಸ್ಸಿಗೆ ಹೋಗ್ತೀನಿ," ಅಂದರು.