ಹಗೆ ಮರೆಯದ ಅಯಸ್ಕಾಂತ

ನಾನು ಲಾಳದ ಆಕಾರದ ಒಂದು ಅಯಸ್ಕಾಂತ. ಗಟ್ಟಿ ಉಕ್ಕನ್ನು ಕಾಯಿಸಿ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ನನ್ನನ್ನು ಮಾಡಿದರು. ಆಗ ನನಗೆ ಒಂದು ಗುಂಡುಸೂಜಿ ಎತ್ತುವ ಶಕ್ತಿಯೂ ಇರಲಿಲ್ಲ. ನನ್ನೊಳಗಿನ ಲೆಕ್ಕವಿಲ್ಲದಷ್ಟು ಪುಟ್ಟ ಅಯಸ್ಕಾಂತಗಳು ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡು ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತಿದ್ದವು. ಮೈಗೆ ತಂತಿ ಸುತ್ತಿ ಜೋರಾಗಿ ವಿದ್ಯುತ್ ಹರಿಸಿದಾಗ ಎಲ್ಲವೂ ಒಂದೇ ಕಡೆ ತಿರುಗಿದವು. ತಂತಿ ಬಿಚ್ಚಿದ ಮೇಲೂ ಹಾಗೇ ಉಳಿದವು. ಗಟ್ಟಿ ಉಕ್ಕು ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಹಗೆಯನ್ನೂ ಅಷ್ಟೇ.

ಹಾವೇರಿ ಸೀಮೆಯ ಒಂದು ಖಾರದ ಗಿರಣಿಗೆ ನನ್ನನ್ನು ತಂದವಳು ಗುರುಬಸವ್ವ. ಗಂಡ ತೀರಿಕೊಂಡ ಮೇಲೆ ಆ ಗಿರಣಿಯೇ ಅವಳ ಅನ್ನ. ಮೆಣಸಿನಕಾಯಿ ಸುರಿಯುವ ಬಾಯಲ್ಲಿ ನನ್ನನ್ನು ಕಟ್ಟಿದಳು. ಕಾಯಿಯ ಜೊತೆ ಬರುವ ಮೊಳೆ, ತಂತಿಚೂರು ಬೀಸುವ ಕಲ್ಲಿಗೆ ಬೀಳದಂತೆ ಹಿಡಿಯುವುದು ನನ್ನ ಕೆಲಸ. ಸಂಜೆ ಒರೆಸಿ, ನನ್ನ ಎರಡೂ ಕಾಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇಡುತ್ತಿದ್ದಳು. ಪಟ್ಟಿ ಇದ್ದರೆ ನನ್ನ ಬಲ ಹೊರಗೆ ಚದುರದೆ ಒಳಗೊಳಗೇ ಸುತ್ತುತ್ತದೆ, ಬೇಗ ಕುಂದುವುದಿಲ್ಲ.

ಅವಳ ಮೈದುನ ಶಂಕ್ರೆಪ್ಪನ ಕಣ್ಣು ಗಿರಣಿಯ ಮೇಲೆ ಬಿತ್ತು. ಹೆಂಗಸಿಗೆ ಯಂತ್ರದ ಗೊಡವೆ ಯಾಕೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿ, ಕೊನೆಗೆ ಬೀಗದ ಕೈ ಕಿತ್ತುಕೊಂಡ. ನನ್ನ ಪಟ್ಟಿಯನ್ನು ಕುಂಟುವ ಬೆಂಚಿನ ಕಾಲಡಿಗೆ ತುರುಕಿದ. ಅಂಟಿದ ಚೂರು ಉದುರಲಿ ಎಂದು ದಿನಾ ನನ್ನನ್ನು ಮೆಟ್ಟಿಲಿಗೆ ಕುಟ್ಟಿದ. ಒಂದೊಂದು ಏಟಿಗೂ ನನ್ನೊಳಗಿನ ಸಾಲು ಕದಡುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಕಾದೆ.

ಆಯುಧಪೂಜೆ ಬಂತು. ಪೂಜೆಗೆ ಇಡುವ ಸಾಮಾನೆಲ್ಲ ಫಳಫಳ ಹೊಳೆಯಬೇಕು. ಖಾರದ ಜಿಡ್ಡು ಸುಟ್ಟುಹೋಗಲಿ ಎಂದು ಅವನು ಇದ್ದಿಲು ಕೆಂಡ ಮಾಡಿ, ತಿದಿ ಒತ್ತಿಸಿ ಗಾಳಿ ಊದಿಸಿದ.

"ಅದನ್ನ ಬೆಂಕ್ಯಾಗ ಹಾಕಬ್ಯಾಡ. ಜೀವಾ ಹೋಗತೈತಿ ಅದರದು," ಎಂದಳು ಗುರುಬಸವ್ವ.

"ಕಬ್ಬಿಣಕ್ಕ ಎಲ್ಲೀ ಜೀವಾ, ವೈನಿ?" ಎಂದು ಅವನು ನಕ್ಕ.

ಕೆಂಡದಲ್ಲಿ ಬಿದ್ದು ಕೆಂಪಗೆ ಕಾದೆ. ಒಳಗಿನ ಸಾಲೆಲ್ಲ ಚೆಲ್ಲಾಪಿಲ್ಲಿಯಾಯಿತು. ನೀರಿಗೆ ಅದ್ದಿ ತಿಕ್ಕಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಆ ಮಹಾನುಭಾವ ನನ್ನ ಹೆಣಕ್ಕೆ ಆರತಿ ಎತ್ತಿದ.

ಪೂಜೆಯಾದ ಮೇಲೆ ಮೊದಲು ಬೀಸುವುದು ಗಿರಣಿಯವನ ಮನೆಯದೇ ಕಾಯಿ. ಅದರಲ್ಲೊಂದು ಮೊಳೆ ಇತ್ತು. ನನ್ನ ಮೈ ಸವರಿಕೊಂಡೇ ಕೆಳಗಿಳಿಯಿತು. ಹಿಡಿಯುವ ಬಲ ನನಗಿರಲಿಲ್ಲ. ಇದ್ದಿದ್ದರೂ ಅವತ್ತು ಹಿಡಿಯುತ್ತಿರಲಿಲ್ಲ. ಕಿಡಿ ಹಾರಿತು, ಊರ ಜನರ ಎದುರೇ ಕಲ್ಲು ಸೀಳಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊಸ ಕಲ್ಲು ಹಾಕಿಸಿದರೂ ಅವನ ಖಾರದಲ್ಲಿ ಕಲ್ಲುಪುಡಿ ಇದೆಯೆಂಬ ಮಾತು ನಿಲ್ಲಲಿಲ್ಲ, ಗಿರಾಕಿಗಳು ಬರಲಿಲ್ಲ. ಕೊನೆಗೆ ಬೀಗದ ಕೈಯನ್ನು ಗುರುಬಸವ್ವನ ಮನೆಯ ಕಟ್ಟೆಯ ಮೇಲಿಟ್ಟು ಹೋದ.

ಅವಳು ಮೋಟಾರು ರಿಪೇರಿಯವನ ಹತ್ತಿರ ಮತ್ತೆ ತಂತಿ ಸುತ್ತಿಸಿ, ವಿದ್ಯುತ್ ಹರಿಸಿ ನನಗೆ ಬಲ ತುಂಬಿಸಿದಳು. ಬೆಂಚಿನಡಿಯ ಪಟ್ಟಿ ನನ್ನ ಕಾಲಿಗೆ ಮರಳಿತು. ಈಗ ನಾನು ಮುದುಕ, ಆದರೂ ಹಿಡಿತ ಬಿಟ್ಟಿಲ್ಲ.

ಮೊನ್ನೆ ಶಂಕ್ರೆಪ್ಪ ಚೀಲ ಹೊತ್ತು ಎಲ್ಲರ ಹಾಗೆ ಪಾಳಿಯಲ್ಲಿ ನಿಂತಿದ್ದ. ಅವನ ಕಾಯಿಯಲ್ಲಿ ಮತ್ತೊಂದು ಮೊಳೆ. ಈ ಸಲ ಕಲ್ಲು ಗುರುಬಸವ್ವನದು. ಟಕ್ಕನೆ ಹಿಡಿದೆ.

"ನಿಂದ ಮೊಳಿ, ತಗೋ," ಎಂದು ಅವಳು ಅದನ್ನು ಕೀಳಲು ಬಂದಳು. ನಾನು ಕೂಡಲೇ ಬಿಡಲಿಲ್ಲ. ಪಾಳಿಯಲ್ಲಿದ್ದವರೆಲ್ಲ ನೋಡಲಿ, ತಲೆ ತಗ್ಗಿಸಿ ಕೈಚಾಚಿದ ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಲ್ಲಲಿ ಎಂದು ಬಿಗಿಯಾಗಿ ಹಿಡಿದುಕೊಂಡೆ.